ಪ್ಲೇಟ್‌ಲೆಟ್ ಸರಿಯಾದ ಮೇಲೆ

ಆ ಮಳೆಗಾಲದಲ್ಲಿ ನನ್ನ ಗಂಡನಿಗೆ ಡೆಂಗಿ ಬಂದಾಗ ನಮ್ಮ ಕೇರಿಗೆ ಕೇರಿಯೇ ಡಾಕ್ಟರಾಗಿಬಿಟ್ಟಿತು. ಬೆಳಿಗ್ಗೆ ನಾನು ಪೊರಕೆ ಹಿಡಿದು ಅಂಗಳಕ್ಕೆ ಬಂದರೆ ಸಾಕು, ಎದುರು ಮನೆಯ ಮುದುಕ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಕೇಳುತ್ತಿದ್ದ: “ಪ್ಲೇಟ್‌ಲೆಟ್ ಎಷ್ಟಾತು?” ಹಾಲಿನವನು ಕೇಳುತ್ತಿದ್ದ, ರಿಕ್ಷಾದವನು ಬ್ರೇಕು ಹಾಕಿ ಕೇಳುತ್ತಿದ್ದ. ನಿನ್ನೆಗಿಂತ ಕಡಿಮೆ ಎಂದರೆ ಎಲ್ಲರ ಮುಖ ಸಣ್ಣದಾಗುತ್ತಿತ್ತು. ಮೂಲೆಮನೆಯವರು ಪಪ್ಪಾಯಿ ಎಲೆ ತಂದುಕೊಟ್ಟರು. ನಾದಿನಿ ಅದನ್ನು ಅರೆದು ರಸ ಹಿಂಡಿ ಲೋಟದಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು. ಬೋಟಿನ ಮಾಲಕರು ಕಿವಿ ಹಣ್ಣು ಕಳಿಸಿದರು. ನಮ್ಮ ಅತ್ತೆ ಅಂಥ ಹಣ್ಣನ್ನು ಕಂಡದ್ದು ಅದೇ ಮೊದಲು. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕೆ ಎಂತಕೆ ರೋಮ ಅದೆ?” ಎಂದು ಕೇಳಿ, ಸಿಪ್ಪೆ ಸಮೇತ ಕೊಯ್ದು ಮಗನಿಗೆ ತಿನ್ನಿಸಿದರು. ಅವರೂ ಪಾಪ ತಿಂದರು.

ನಮ್ಮ ಮನೆ ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಅಳಿವೆಯ ಹತ್ತಿರ. ಕೇರಿಯವರೆಲ್ಲ ಮೀನುಗಾರರು. ನನ್ನ ಗಂಡ ಮೀನಿನ ಹಿಂಡಿಗೆ ದೊಡ್ಡ ಬಲೆ ಸುತ್ತುಹಾಕಿ ಹಿಡಿಯುವ ಪರ್ಸೀನ್ ಬೋಟಿನ ತಾಂಡೇಲ. ಬೋಟು ಅವರದಲ್ಲ, ಮಾಲಕರು ಬೇರೆ ಇದ್ದಾರೆ. ಆದರೆ ಬೋಟು ಅಳಿವೆ ದಾಟಿದ ಮೇಲೆ ತಾಂಡೇಲ ಹೇಳಿದ್ದೇ ಮಾತು. ಯಾವ ದಿಕ್ಕಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂದು ಅವನೇ ಹೇಳಬೇಕು. ನೀರಿನ ಮೇಲಿನ ಬಣ್ಣ ನೋಡಿ ಕೆಳಗೆ ಬಂಗಡೆ ಇದೆಯೋ ತಾರ್ಲೆ ಇದೆಯೋ ಎಂದು ಗುರುತಿಸುವ ಕಣ್ಣು ಅವನಿಗಿರಬೇಕು. ನನ್ನ ಗಂಡನಿಗೆ ಆ ಕಣ್ಣಿತ್ತು, ಆ ಗಂಟಲೂ ಇತ್ತು. ದಡಕ್ಕೆ ಬಂದ ಮೇಲೂ ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಚಹಾ ಬೇಕಾದರೂ ಮಂಗಳೂರಿಗೆ ಕೇಳುವಂತೆ ಕೂಗುವ ಗಂಡಸು.

ನಾನು ಭಟ್ಕಳದ ಪಕ್ಕದ ಜಾಲಿಯವಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುವುದು, ಉಪ್ಪಿಟ್ಟು ಬಡಿಸುವುದು, ಮೂಗು ಒರೆಸುವುದು ನನ್ನ ಕೆಲಸ. ಮಳೆಗಾಲ ಶುರುವಾಗುವ ಮೊದಲು ಮನೆಮನೆಗೆ ಹೋಗಿ, ಟೈರಿನಲ್ಲಿ ನೀರು ನಿಲ್ಲಿಸಬೇಡಿ, ಕಾಯಿಚಿಪ್ಪು ಕವುಚಿ ಇಡಿ, ಸೊಳ್ಳೆ ಮೊಟ್ಟೆ ಇಡುತ್ತದೆ ಎಂದು ಗಂಟಲು ಹರಿದುಕೊಂಡು ಬಂದವಳು ನಾನೇ. ಕಡೆಗೆ ನೋಡಿದರೆ ನಮ್ಮ ಬಚ್ಚಲ ಹಿಂದೆ ನನ್ನ ಗಂಡ ಗುಡ್ಡೆ ಹಾಕಿಟ್ಟಿದ್ದ ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ನೀರು ತುಂಬಿ ಹುಳ ಕುಣಿಯುತ್ತಿತ್ತು. ಜ್ವರದಲ್ಲಿ ಮಲಗಿದವರಿಗೆ ಬೈಯಬಾರದು ಎಂದು ನಾಲಿಗೆ ಕಚ್ಚಿಕೊಂಡು ಪೆಟ್ಟಿಗೆಗಳನ್ನೆಲ್ಲ ಕವುಚಿ ಹಾಕಿದೆ.

ಜ್ವರ ಬಿಟ್ಟಿತು. ಪ್ಲೇಟ್‌ಲೆಟ್ ಮೆಲ್ಲಗೆ ಏರಿತು. ಸರಿಯಾಯಿತು ಎಂದು ಆಸ್ಪತ್ರೆಯವರು ಹೇಳಿದ ದಿನ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಕೇರಿಯವರು ಒಬ್ಬೊಬ್ಬರಾಗಿ ಬಂದು, “ಅಂತೂ ಗೆದ್ದ್ರಿ ಮಾರಾಯ್ರೆ” ಎಂದು ಹೇಳಿ ಚಹಾ ಕುಡಿದು ಹೋದರು. ಅಲ್ಲಿಗೆ ಎಲ್ಲರ ಲೆಕ್ಕದಲ್ಲೂ ಕಾಯಿಲೆ ಮುಗಿಯಿತು. ಮಾರನೆಯ ದಿನದಿಂದ ಯಾರೂ ಏನೂ ಕೇಳಲಿಲ್ಲ. ಎದುರು ಮನೆಯ ಮುದುಕ ನೆಮ್ಮದಿಯಿಂದ ಹಲ್ಲುಜ್ಜಿದ.

ಆದರೆ ಮನೆಗೆ ಬಂದವರು ನನ್ನ ಗಂಡ ಎಂದು ನನಗೆ ಅನ್ನಿಸಲೇ ಇಲ್ಲ. ಬೆಳಿಗ್ಗೆ ಎದ್ದು ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತರೆ ಊಟಕ್ಕೆ ಕರೆಯುವ ತನಕ ಅಲ್ಲೇ. ಟೀವಿ ಹಾಕಿದರೆ ನೋಡುತ್ತಿದ್ದರು, ಆರಿಸಿದರೆ ಆರಿದ ಟೀವಿಯನ್ನೂ ಹಾಗೇ ನೋಡುತ್ತಿದ್ದರು. ಮಳೆಗಾಲದಲ್ಲಿ ಬೋಟುಗಳಿಗೆಲ್ಲ ಸರಕಾರದ ರಜೆ. ಆ ದಿನಗಳಲ್ಲಿ ಗಂಡಸರು ಬಂದರಿನ ಚಪ್ಪರದಡಿ ಸಾಲಾಗಿ ಕೂತು ಬಲೆ ಹೊಲಿಯುತ್ತಾರೆ. ಬಲೆ ಹೊಲಿಯುವುದೇನು ಬಂತು, ಊರ ಸುದ್ದಿಯನ್ನೆಲ್ಲ ಹೊಲಿಯುವುದು ಅಲ್ಲೇ. ನಮ್ಮವರು ಅಲ್ಲಿ ಇದ್ದರೆ ನಗೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಈ ಸಲ ಅವರು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನಾನು ಏನಾದರೂ ಹೇಳಿದರೆ “ಹ್ಞೂಂ” ಎನ್ನುತ್ತಿದ್ದರು. ಬೈದರೂ “ಹ್ಞೂಂ”. ಜಗಳಕ್ಕೆ ಜೊತೆ ಇಲ್ಲದೆ ನನಗೆ ಎಷ್ಟು ಬೇಜಾರಾಗಿತ್ತು ಎಂದರೆ ಹೇಳಿ ಪ್ರಯೋಜನವಿಲ್ಲ.

ಆದರೂ ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಇದಕ್ಕೆ ಒಂದು ಕಾರಣ ಇದೆ. ನಮ್ಮಲ್ಲಿ ಕಡಲಿಗೆ ಹೊರಟ ಗಂಡಸನ್ನು ಏನೂ ಕೇಳಬಾರದು. ಎಲ್ಲಿಗೆ ಎನ್ನಬಾರದು, ಯಾವಾಗ ಬರುತ್ತೀರಿ ಎನ್ನಬಾರದು, ಊಟಕ್ಕೆ ಕಾಯಬೇಕೋ ಬೇಡವೋ ಎಂದೂ ಕೇಳಬಾರದು. ಕೇಳಿದರೆ ಅಪಶಕುನ. ಹೊರಟರೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಬೇಕು ಅಷ್ಟೆ. ಜಾಲಿಯಲ್ಲೂ ಈ ಪದ್ಧತಿ ಇತ್ತು, ಆದರೆ ಅಪ್ಪ ಕಡಲಿನಿಂದ ಬಂದ ಮೇಲೆ ಅಮ್ಮ ಎಲ್ಲವನ್ನೂ ಕೇಳಿ ಬಡ್ಡಿ ಸಮೇತ ವಸೂಲು ಮಾಡುತ್ತಿದ್ದಳು. ಈ ಮನೆಯಲ್ಲಿ ಹಾಗಲ್ಲ. ಕೇಳಬಾರದು ಎನ್ನುವುದು ಹೊಸ್ತಿಲು ದಾಟಿ ಒಳಗೆ ಬಂದು, ಅಡುಗೆಮನೆ, ಹಾಸಿಗೆ ಎಲ್ಲ ಕಡೆ ಕೂತುಬಿಟ್ಟಿತ್ತು. ನಮ್ಮ ಮಾವ ಬದುಕಿರುವ ತನಕ ಅತ್ತೆ ಅವರನ್ನು ‘ಎಂತ ಆಗದೆ?’ ಎಂದು ಒಮ್ಮೆಯೂ ಕೇಳಿದವರಲ್ಲವಂತೆ. ಅದನ್ನು ಅವರು ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು.

ಕೇಳದೆ ಮಾಡಬಹುದಾದ್ದನ್ನೆಲ್ಲ ಅತ್ತೆ ಮಾಡಿದರು. ಉಪ್ಪು ಮೆಣಸು ಸುಳಿದು ಒಲೆಗೆ ಹಾಕಿ ದೃಷ್ಟಿ ತೆಗೆದರು. ದೇವರಿಗೆ ಕಾಯಿ ಹೇಳಿಕೊಂಡರು. ಜ್ವರದ ಪಥ್ಯವನ್ನು ಜ್ವರ ಹೋದ ಮೇಲೂ ಬಿಡಲಿಲ್ಲ. ಮೀನು ಇಲ್ಲ, ಕಡಲ ಗಾಳಿಗೆ ಹೋಗುವಂತಿಲ್ಲ, ಮಾತಾಡಿಸಿ ಆಯಾಸ ಮಾಡುವಂತಿಲ್ಲ. ಮೂರು ಹೊತ್ತೂ ಗಂಜಿ, ಸುಟ್ಟ ಹಪ್ಪಳ. ಮೀನು ತಿಂದು ಬೆಳೆದ ಗಂಡಸನ್ನು ಕತ್ತಲೆ ಮೂಲೆಯಲ್ಲಿ ಕೂರಿಸಿ ಗಂಜಿ ಕುಡಿಸಿದರೆ ಹುಷಾರಿದ್ದವನಿಗೂ ತಲೆ ಕೆಡುತ್ತದೆ. ಆದರೆ ಆಗ ನನಗೂ ಅದು ತೋಚಲಿಲ್ಲ. ಸುಸ್ತು ಇರಬಹುದು, ಹೋಗುತ್ತದೆ ಎಂದುಕೊಂಡೆ.

ಬೋಟು ಇಳಿಸುವ ದಿನ ಹತ್ತಿರ ಬರುತ್ತಿತ್ತು. ಬೋಟಿನಲ್ಲಿ ಹೋಗುವವರೆಲ್ಲ ನಮ್ಮ ಕೇರಿಯವರೇ. ನಮ್ಮವರು ತಾಂಡೇಲ ಎಂದೇ ಆ ಬೋಟಿಗೆ ಬಂದವರು. ಇವರು ಹತ್ತುವುದಿಲ್ಲ ಎಂದರೆ ಮಾಲಕರು ಬೇರೆ ತಾಂಡೇಲನನ್ನು ತರುತ್ತಾರೆ, ಅವನು ತನ್ನ ಜನ ತರುತ್ತಾನೆ. ಅದಕ್ಕಿಂತ ಹೆಚ್ಚಾಗಿ ನನಗಿದ್ದ ಹೆದರಿಕೆ ಬೇರೆ. ಒಮ್ಮೆ ದಡದಲ್ಲಿ ಕೂತ ತಾಂಡೇಲ ಮತ್ತೆ ಕಡಲಿಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ. ಇವರೂ ಆ ಮೂಲೆಯಲ್ಲೇ ಉಳಿದುಬಿಟ್ಟರೆ?

ನಾದಿನಿಯ ಗಂಡ ಅದೇ ಬೋಟಿನ ಡ್ರೈವರು. ಒಂದು ಸಂಜೆ ಬಂದ. ಹೊರಡುವ ವಿಷಯ ತಿಳಿದುಕೊಳ್ಳಲಿಕ್ಕೇ ಬಂದಿದ್ದ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಬಂದು ಕೂತ, ಚಹಾ ಕುಡಿದ, ಇಂಜಿನ್ನಿನ ಆಯಿಲು ಬದಲಿಸಿದ ಕತೆ ಹೇಳಿದ, ಪಂಪು ಸೋರುವ ಕತೆ ಹೇಳಿದ, ಹೇಳಲು ಏನೂ ಉಳಿಯದಾಗ ಇನ್ನೊಂದು ಚಹಾ ಕುಡಿದ. ಇವರು ಅಷ್ಟಕ್ಕೂ “ಹ್ಞೂಂ” ಎಂದರು. ಅವನು ಎದ್ದು ಹೋಗುವಾಗ ಗೇಟಿನ ಹತ್ತಿರ ನನ್ನನ್ನು ಕೇಳಿದ:

“ಅಡ್ಡಿಲ್ಲ ಅಲ್ದಾ?”

“ಅಡ್ಡಿಲ್ಲ” ಎಂದೆ ನಾನು.

ನಮ್ಮ ಜಿಲ್ಲೆಯಲ್ಲಿ ಈ ‘ಅಡ್ಡಿಲ್ಲ’ ಒಂದು ಇದ್ದರೆ ಸಾಕು, ಮನೆಗೆ ಬೆಂಕಿ ಬಿದ್ದರೂ ದಿನ ದೂಡಬಹುದು. ಅವನು ತಲೆ ಆಡಿಸಿ ಹೋದ. ನಾನು ಗೇಟು ಹಿಡಿದು ನಿಂತೆ. ಥೋ, ಇದೆಂಥ ಜನ್ಮ ನಮ್ಮದು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಸಿಟ್ಟು ಹೊರಗೆ ಬಿದ್ದದ್ದು ಮರುದಿನ. ಸೊಪ್ಪಿನ ಸಾರು ಮಾಡಿದ್ದೆ, ಉಪ್ಪು ಹಾಕುವುದು ಮರೆತುಹೋಗಿತ್ತು. ಬಡಿಸಿ ಒಳಗೆ ಹೋಗಿ ನಾನು ಒಂದು ತುತ್ತು ಬಾಯಿಗಿಟ್ಟರೆ, ಥೂ, ಕೊಳದ ನೀರು. ಓಡಿ ಬಂದು ನೋಡಿದೆ. ಇವರು ಅದನ್ನೇ ಅನ್ನಕ್ಕೆ ಕಲಸಿ ಮುಕ್ಕಾಲು ಊಟ ಮುಗಿಸಿದ್ದರು. ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ ಬಟ್ಟಲು ಅಂಗಳಕ್ಕೆ ತಳ್ಳುತ್ತಿದ್ದ ಮನುಷ್ಯ!

“ಹೋಯ್, ಸಾರಿಗೆ ಉಪ್ಪಿಲ್ಲ.”

“ಹೌದಾ?” ಎಂದರು.

ನನ್ನ ಪಿತ್ತ ನೆತ್ತಿಗೇರಿತು. “ಎಂತ ಹೌದಾ? ನಾಲಿಗೆ ಮೇಲೆ ಇಟ್ಟದ್ದು ಗೊತ್ತಾಗ್ಲಿಲ್ವ ನಿಮಗೆ? ಅಪಶಕುನ ಆದ್ರೆ ಆಗ್ಲಿ, ಸಾಯ್ಲಿ, ನಾನು ಕೇಳಿಯೇ ಕೇಳ್ತೆ. ಎಂತ ಆಗದೆ ನಿಮಗೆ?”

ಒಳಗಿನಿಂದ ಅತ್ತೆ, “ಏಯ್, ಎಂತ ಕೇಳ್ತಿದ್ದೆ ನೀನು!” ಎಂದು ಕೂಗಿದರು. ನಾನು ಬಾಗಿಲು ಮುಂದೆ ಮಾಡಿ ಗಂಡನ ಎದುರು ನೆಲಕ್ಕೆ ಕೂತೆ. ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು:

“ಎಂತ ಆಗದೆ ಅಂತ ನಂಗೇ ಗೊತ್ತಿಲ್ಲ ಮಾರಾಯ್ತಿ. ಮೈಯೆಲ್ಲ ಹುಷಾರೇ ಆತು. ಆದ್ರೆ ಎಂತದೂ ಬೇಕು ಅಂತ ಅನ್ನಿಸುದೇ ಇಲ್ಲ. ಮೊನ್ನೆ ನೀ ಅಂಗನವಾಡಿಗೆ ಹೋದಾಗ ಅಳಿವೆ ತನಕ ಹೋಗಿ ನಿಂತಿದ್ದೆ. ನೀರು ನೋಡ್ದೆ. ಬರೀ ನೀರು. ನೋಡೂಕೆ ಮನಸ್ಸೇ ಬರ್ಲಿಲ್ಲ. ಬೋಟು ಹತ್ತಿ ಹುಡುಗ್ರಿಗೆ ನಾ ಎಂತ ಹೇಳುದು? ಅವ್ರೆಲ್ಲ ನನ್ನ ಮೋರೆ ನೋಡ್ತ್ರು.” ಕಡೆಗೆ, “ನಾನಿಲ್ದಿದ್ರೂ ಬೋಟು ಹೋಗ್ತದೆ” ಎಂದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಷ್ಟು ಕೇಳಿದ ಮೇಲೆ ಉಳಿದದ್ದನ್ನೂ ಕೇಳಿಬಿಡಬೇಕು ಎಂದು ಕೈ ಹಿಡಿದು ಕೇಳಿದೆ: “ಸಾಯ್ಬೇಕು ಅಂತ ಅನ್ನಿಸ್ತದಾ?”

“ಇಲ್ಲ. ಹಾಂಗೆಂತ ಇಲ್ಲ. ಬರೀ ಖಾಲಿ.” ಆಮೇಲೆ ನನ್ನ ಮುಖ ನೋಡಿ, “ಅಳೂದೆಂತಕೆ?” ಎಂದರು. ಜ್ವರ ಬಿಟ್ಟ ಮೇಲೆ ಅವರು ನನ್ನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಇನ್ನಷ್ಟು ಅಳು ಬಂತು.

ಆ ಮಧ್ಯಾಹ್ನವೇ ಜಾಲಿಗೆ ಫೋನು ಮಾಡಿದೆ. ಅಮ್ಮನಿಗಲ್ಲ. ಅಮ್ಮನಿಗೆ ಹೇಳಿದರೆ ಸಂಜೆಯೊಳಗೆ ಭಟ್ಕಳದ ಮೀನು ಪೇಟೆಗೆಲ್ಲ ಗೊತ್ತಾಗುತ್ತಿತ್ತು. ಫೋನು ಮಾಡಿದ್ದು ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳತಿಗೆ. ನಮ್ಮ ತವರಿನ ಹಿತ್ತಲಿಗೆ ತಾಗಿದ ನವಾಯತ ಮುಸ್ಲಿಮರ ಮನೆ ಅವಳದು. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ನನ್ನ ಹತ್ತಿರ ಜಗಳ ಆಡುವಾಗ ಮಾತ್ರ ಅಚ್ಚ ಕನ್ನಡ. ನಾನು ಹೇಳಿ ಮುಗಿಸುವುದರೊಳಗೆ ಅವಳು, “ಅರೇ, ನಮ್ಮ ಅಮ್ಮನಿಗೂ ಇದೇ ಆಗಿತ್ತಲ್ಲ!” ಎಂದಳು. ಅವಳ ಅಮ್ಮನಿಗೆ ಕೊರೋನಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಹೀಗೇ ಇತ್ತಂತೆ. ಮೊಮ್ಮಕ್ಕಳು ಬಂದು ಮಡಿಲಲ್ಲಿ ಕೂತರೂ ಎತ್ತಿಕೊಳ್ಳುತ್ತಿರಲಿಲ್ಲವಂತೆ. “ಕುಮಟಾದಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ, ಮನಸ್ಸಿನ ಡಾಕ್ಟರು. ಸುಮ್ಮನೆ ಕರ್ಕೊಂಡು ಹೋಗು. ನಿನ್ನ ಅತ್ತೆಗೆ ಹೇಳ್ಲಿಕ್ಕೆ ಕಷ್ಟ ಆದ್ರೆ ಮಂಡಿನೋವು ಅಂತ ಹೇಳು.”

“ಮಂಡಿ ಗಟ್ಟಿ ಇದೆ ಮಾರಾಯ್ತಿ ಅವ್ರದ್ದು” ಎಂದೆ.

“ಹಾಗಾದ್ರೆ ನಿಂದು ಅಂತ ಹೇಳು” ಎಂದಳು.

ನಾನು ಮಂಡಿಯ ಸುದ್ದಿಗೆ ಹೋಗಲಿಲ್ಲ. ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮೂರು ಲೋಕ ಮುಳುಗಿದವರ ಹಾಗೆ ನೋಡಿ, “ನನ್ನ ಮಗನಿಗೆ ಮರ್ಳು ಹಿಡಿದಿಲ್ಲ” ಎಂದರು. ಅಷ್ಟು ಹೇಳಿದವರು ನಾವು ಹೊರಡುವಾಗ ಕೊಡೆ ತಂದು ಕೈಗೆ ಕೊಟ್ಟರು. ಮನೆ ನೋಡಿಕೊಳ್ಳಲು ನಾದಿನಿ ಬಂದಳು. ಅವಳೂ ಏನೂ ಕೇಳಲಿಲ್ಲ, ಪಾತ್ರೆ ತೊಳೆಯಲು ಕೂತಳು.

ಕುಮಟಾಕ್ಕೆ ಬಸ್ಸಿನಲ್ಲಿ ಹೋದೆವು. ಇವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದರು. ನಾನು ಮನಸ್ಸಿನ ಡಾಕ್ಟರೆಂದರೆ ಹೇಗಿರುತ್ತಾರೋ, ಏನು ಕೇಳುತ್ತಾರೋ ಎಂದು ಸೆರಗಿನ ತುದಿ ಹಿಂಡಿ ಹಿಂಡಿ ಒದ್ದೆ ಮಾಡಿದ್ದೆ. ಒಳಗೆ ಹೋದರೆ ನನ್ನ ವಯಸ್ಸಿನ ಹೆಂಗಸು, ಕಾಲಿಗೆ ಮಳೆಗಾಲದ ರಬ್ಬರ್ ಚಪ್ಪಲಿ, ಮೇಜಿನ ಮೇಲೆ ಅರ್ಧ ಕುಡಿದ ಚಹಾ. ಮೊದಲ ಮಾತೇ, “ಕೂತ್ಕೊಳ್ಳಿ. ಏನಾಗ್ತಾ ಇದೆ ಹೇಳಿ” ಎಂದು. ನಾನು ಎಷ್ಟು ದಿನ ಒದ್ದಾಡಿ ಒದರಿದ ಪ್ರಶ್ನೆಯನ್ನು ಅವರು ಹವಾಮಾನ ವಿಚಾರಿಸಿದಂತೆ ಕೇಳಿದರು.

ನಿದ್ದೆ ಹೇಗೆ, ಹಸಿವು ಹೇಗೆ, ಮೊದಲು ಯಾವಾಗಲಾದರೂ ಹೀಗಾಗಿತ್ತೇ, ಕುಡಿಯುತ್ತೀರಾ, ಸಾಯುವ ಯೋಚನೆ ಬರುತ್ತದೆಯೇ ಎಂದೆಲ್ಲ ಕೇಳಿದರು. ಇವರು ಒಂದೊಂದಕ್ಕೂ ಎರಡೆರಡು ಮಾತಿನಲ್ಲಿ ಉತ್ತರ ಕೊಟ್ಟರು. ಥೈರಾಯ್ಡು ಅದು ಇದು ನೋಡಲು ರಕ್ತ ತೆಗೆಸಿದರು. ಆಮೇಲೆ ಇದಕ್ಕೆ ಖಿನ್ನತೆ ಎನ್ನುತ್ತಾರೆ ಎಂದರು. ಜ್ವರಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದರು.

“ಜ್ವರಕ್ಕೂ ಮನಸ್ಸಿಗೂ ಎಂತ ಸಂಬಂಧ?” ಎಂದು ನಾನು ನಡುವೆ ಬಾಯಿ ಹಾಕಿದೆ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ವೈರಸ್ಸು ಮೈಯೊಳಗೆ ಬಂದಾಗ ಅದರ ಜೊತೆ ಹೋರಾಡಲು ನಮ್ಮ ರಕ್ತದಲ್ಲಿ ಒಂದು ರಕ್ಷಣೆಯ ವ್ಯವಸ್ಥೆ ಇದೆ. ಅದು ಹೋರಾಡುವುದಲ್ಲದೆ ಮಿದುಳಿಗೂ ಸುದ್ದಿ ಕಳಿಸುತ್ತದೆ: ಈಗ ಮಲಗು, ಹೊರಗೆ ಹೋಗಬೇಡ, ಊಟ ಬೇಡ, ಯಾರ ಜೊತೆಯೂ ಸೇರಬೇಡ, ಇರುವ ಶಕ್ತಿಯೆಲ್ಲ ನನಗೆ ಬೇಕು ಎಂದು. ಜ್ವರ ಬಂದಾಗ ಎಲ್ಲರಿಗೂ ಮಂಕು ಕವಿದಂತಾಗುವುದು ಅದಕ್ಕೇ. ಅದು ಒಳ್ಳೆಯದೇ. ವೈರಸ್ಸು ಹೋದ ಮೇಲೆ ಆ ಸುದ್ದಿಯೂ ನಿಲ್ಲಬೇಕು. ಕೆಲವರಲ್ಲಿ ಅದು ಬೇಗ ನಿಲ್ಲುವುದಿಲ್ಲ. “ಯಾರಿಗೆ ನಿಲ್ಲುತ್ತದೆ, ಯಾರಿಗೆ ಇಲ್ಲ, ಯಾಕೆ, ಅದು ಇನ್ನೂ ಪೂರ್ತಿ ಗೊತ್ತಿಲ್ಲ. ನಿಮ್ಮದು ಅದೊಂದರಿಂದಲೇ ಅಂತ ನಾನು ಆಣೆ ಇಟ್ಟು ಹೇಳುವುದಿಲ್ಲ. ಆದರೆ ನೀವು ಸೋಮಾರಿ ಆಗಿಲ್ಲ, ಹೆದರಿಕೊಂಡೂ ಇಲ್ಲ. ಇದು ಕಾಯಿಲೆ. ಔಷಧಿ ಇದೆ.”

ಇವರು ಅಲ್ಲಿಯ ತನಕ ನೆಲ ನೋಡುತ್ತಿದ್ದವರು ತಲೆ ಎತ್ತಿದರು. “ಮಳೆ ನಿಂತ್ರೂ ಗೇರುಸೊಪ್ಪದಿಂದ ನೀರು ಬಿಡ್ತಾನೇ ಇರ್ತ್ರಲ, ಹಾಂಗಾ?” ಎಂದರು. ಮೇಲೆ ಘಟ್ಟದಲ್ಲಿ ಮಳೆ ನಿಂತು ಇಲ್ಲಿ ಬಿಸಿಲು ಬಿದ್ದಿದ್ದರೂ ಅಣೆಕಟ್ಟಿನ ನೀರು ಬಂದು ನಮ್ಮ ಅಳಿವೆ ಕೆಂಪಾಗಿ ರಭಸದಲ್ಲಿ ಇರುತ್ತದೆ. ಆಗ ಯಾವ ದೋಣಿಯೂ ದಾಟುವುದಿಲ್ಲ.

“ಹಾಗೇ ಅಂದ್ಕೊಳ್ಳಿ. ನೀರು ಇಳಿಯುವ ತನಕ ಸ್ವಲ್ಪ ಕಾಯಬೇಕು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಡುವೆ ಹುಷಾರಾಯ್ತು ಅಂತ ನೀವೇ ಬಿಡುವಂತಿಲ್ಲ. ಆದರೆ ಮನೆಯಲ್ಲಿ ಕೂತು ಕಾಯಬೇಡಿ. ದಿನಾ ನಡೆಯಿರಿ, ಜನರ ನಡುವೆ ಕೂತ್ಕೊಳ್ಳಿ, ಮಾತಾಡದಿದ್ದರೂ ಅಡ್ಡಿಲ್ಲ. ಊಟ ಸರಿಯಾಗಿ ಮಾಡಿ. ಮೀನು ತಿನ್ನುತ್ತೀರಲ್ಲ?”

“ಬಿಡಿಸಿಟ್ಟಿದ್ದಾರೆ” ಎಂದೆ ನಾನು.

“ಯಾರು?”

“ನಮ್ಮ ಅತ್ತೆ.”

“ನಾನು ಹೇಳಿದೆ ಅಂತ ಹೇಳಿ, ಇವತ್ತೇ ಕೊಡಿ” ಎಂದರು. ಆ ಹೆಂಗಸಿನ ಮೇಲೆ ನನಗೆ ಅಲ್ಲೇ ಪ್ರೀತಿ ಬಂದುಬಿಟ್ಟಿತು.

ಹೊರಗೆ ಬಂದು ಕುಮಟಾ ಪೇಟೆಯಲ್ಲಿ ಏಡಿ ಕೊಂಡೆವು. ಕಡಲ ಬೋಟು ಇಲ್ಲದ ದಿನಗಳಲ್ಲಿ ಸಿಗುವುದು ಹೊಳೆಯ ಏಡಿಯೇ. ಹಾಗೇ ನಡೆಯಬೇಕು ಎಂದಿದ್ದಾರಲ್ಲ ಎಂದು ನಾನು ಇವರನ್ನು ಬಸ್ ಸ್ಟ್ಯಾಂಡಿಗೆ ಹೋಗಲು ಬಿಡದೆ ಹೊಳನಗದ್ದೆಯ ಕಡೆ ಸ್ವಲ್ಪ ದೂರ ನಡೆಸಿಕೊಂಡು ಹೋದೆ. ಗದ್ದೆಯಲ್ಲಿ ನಾಟಿ ನಡೆದಿತ್ತು. ಹೆಂಗಸರು ಸಾಲಾಗಿ ಬಗ್ಗಿ ಸಸಿ ಊರುತ್ತಾ ಹಾಡುತ್ತಿದ್ದರು. ಒಬ್ಬಳು ಹೇಳುವುದು, ಉಳಿದವರು ತಿರುಗಿಸಿ ಹೇಳುವುದು. ನಾವು ಕೊಡೆ ಹಿಡಿದು ದಾರಿ ಬದಿ ನಿಂತೆವು. ಚೀಲದಲ್ಲಿ ಏಡಿ ಕರಕರ ಎನ್ನುತ್ತಿತ್ತು. ಇವರು ಹೋಗುವ ಎಂದು ಅವಸರ ಮಾಡಲಿಲ್ಲ. ಇಬ್ಬರೇ ಹೀಗೆ ಕೆಲಸವಿಲ್ಲದೆ ನಿಂತದ್ದು ಮದುವೆಯಾದ ಲಾಗಾಯ್ತಿನಿಂದ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಗಂಡನಿಗೆ ಕಾಯಿಲೆ ಎಂದು ಕರೆದುಕೊಂಡು ಬಂದು ಖುಷಿಪಡುವ ಹೆಂಗಸು ನಾನೊಬ್ಬಳೇ ಇರಬೇಕು.

ಏಡಿ ತಿನ್ನಬೇಕಾದರೆ ಮನಸ್ಸು ಬೇಕು. ಗಂಜಿಯ ಹಾಗೆ ಕಣ್ಣು ಮುಚ್ಚಿ ಸುರಿದುಕೊಳ್ಳಲು ಆಗುವುದಿಲ್ಲ. ಕಾಲು ಮುರಿಯಬೇಕು, ಚಿಪ್ಪು ಕಚ್ಚಬೇಕು, ಸಂದಿಯಲ್ಲಿ ಸಿಕ್ಕಿದ್ದನ್ನು ಹೀರಬೇಕು. ಆ ದಿನ ಇವರು ನಡುವಿನ ಮಾಂಸ ಮಾತ್ರ ತಿಂದು ಕಾಲುಗಳನ್ನೆಲ್ಲ ಹಾಗೇ ಬಿಟ್ಟು ಎದ್ದರು. ಅತ್ತೆ ಬಟ್ಟಲು ನೋಡಿ ನಿಟ್ಟುಸಿರು ಬಿಟ್ಟರು. ನಾನು ಬಿಡಲಿಲ್ಲ. ವಾರಕ್ಕೊಮ್ಮೆಯಾದರೂ ಏಡಿ ತಂದೆ.

ಮಾತ್ರೆ ಶುರುವಾದ ಮೇಲೆ ಒಮ್ಮೆಲೇ ಏನೂ ಆಗಲಿಲ್ಲ. ಮೊದಲು ಹೊಟ್ಟೆ ತೊಳೆಸಿತು, ಬಾಯಿ ಒಣಗಿತು. “ಇದೆಂತ ಮಾತ್ರೆ” ಎಂದು ಅವರು ಗೊಣಗಿದರು. ಗೊಣಗಿದ್ದು ಕೇಳಿ ನನಗೆ ಸಮಾಧಾನವೇ ಆಯಿತು. ಸಂಜೆ ಸಂಜೆ ಕೈಹಿಡಿದು ಎಬ್ಬಿಸಿ ಬಂದರಿನ ಚಪ್ಪರದ ತನಕ ನಡೆಸಿಕೊಂಡು ಹೋಗಿ ಬಿಟ್ಟುಬರುತ್ತಿದ್ದೆ. ಅಲ್ಲಿ ಬಲೆಯ ಒಂದು ತುದಿ ಹಿಡಿದು ಸುಮ್ಮನೆ ಕೂರುತ್ತಿದ್ದರು. ಆಮೇಲೆ ಆಮೇಲೆ ಸೂಜಿ ಹಿಡಿದರು. ಒಂದು ದಿನ ಯಾರೋ ಬಲೆಯ ಕಣ್ಣಿ ತಪ್ಪಿ ದೊಡ್ಡದಾಗಿ ಹಾಕಿದ್ದಕ್ಕೆ, “ಇದ್ರಲ್ಲಿ ಮೀನು ಹಿಡೂದಾ, ಕೊಂಕಣ ರೈಲು ಹಿಡೂದಾ?” ಎಂದರಂತೆ. ನಾದಿನಿಯ ಗಂಡ ಅದನ್ನು ನಮ್ಮ ಮನೆಗೆ ಓಡಿ ಬಂದು ಹೇಳಿದ. ಅತ್ತೆ ಒಲೆಯ ಮುಂದೆ ಕೂತಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಂದಿನಿಂದ ರಾತ್ರಿ ಊಟವಾದ ಮೇಲೆ ಮಾತ್ರೆ, ನೀರು ತಂದು ಮಗನ ಮುಂದೆ ಇಡುವ ಕೆಲಸ ಅವರೇ ವಹಿಸಿಕೊಂಡರು. “ನುಂಗ್ದ್ಯಾ?” ಎಂದು ಕೇಳುತ್ತಿದ್ದರು. ಹೂಂ, ಕೇಳುತ್ತಿದ್ದರು! ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದೆ.

ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಕೊಟ್ಟಾಯಿತು. ಬೋಟು ಹೊರಡುವ ದಿನವೂ ಗೊತ್ತಾಯಿತು. ಇವರು ಆಗ ಮುಕ್ಕಾಲು ಪಾಲು ಸರಿಯಾಗಿದ್ದರು. ಒಂದು ರಾತ್ರಿ ತಿಂದ ಬಟ್ಟಲಲ್ಲಿ ಏಡಿಯ ಒಂದು ಕಾಲೂ ಉಳಿದಿರಲಿಲ್ಲ. ಕೈ ತೊಳೆದು ಬಂದು ನನ್ನ ಪಕ್ಕ ಕೂತು ಹೇಳಿದರು, “ನಾನು ಹೋಗ್ತೆ. ಆದ್ರೆ ಈ ಸಲ ತಾಂಡೇಲ ಆಗುದಿಲ್ಲ.”

ನನಗೆ ನೆತ್ತಿ ಉರಿಯಿತು. “ಎಂತ? ನಿಮ್ಮ ಕೆಳಗೆ ಇದ್ದವರ ಕೆಳಗೆ ಹಗ್ಗ ಎಳೀಲಿಕ್ಕೆ ಹೋಗ್ತ್ರಾ? ಜನ ಎಂತ ಹೇಳುದಿಲ್ಲ? ನಾನು ತಾಂಡೇಲನ ಹೆಂಡ್ತಿ ಅಂತ ಇಷ್ಟು ವರ್ಷ—”

“ಡಾಕ್ಟರಮ್ಮನ ಹತ್ರ ಫೋನ್ ಮಾಡಿ ಕೇಳ್ದೆ. ಹೋಗಿ, ಆದ್ರೆ ತಲೆ ಮೇಲೆ ಭಾರ ಹೊತ್ಕೊಳ್ಬೇಡಿ ಅಂದ್ರು. ಅಷ್ಟು ಜನರ ಜೀವ ನನ್ನ ಕೈಲಿ ಇರ್ತದೆ. ನಂಗೆ ಈಗ ಹೊಳೆ ಇಳೀತದೆ, ಪೂರ್ತಿ ಇಳೀಲಿಲ್ಲ. ಇಳಿದ ಮೇಲೆ ನಾನೇ ಹೇಳ್ತೆ.” ಆಮೇಲೆ ಬಹಳ ದಿನಗಳ ಮೇಲೆ ಗಂಟಲು ಎತ್ತಿ, “ಹಗ್ಗ ಎಳೂದು ಕೆಲ್ಸ ಅಲ್ವಾ? ನಿನ್ನ ಅಂಗನವಾಡಿ ಉಪ್ಪಿಟ್ಟಿಗಿಂತ ಸುಲಭ ಅದೆ ಅಂದ್ಕೊಂಡ್ಯಾ?” ಎಂದು ಕೂಗಿದರು. ಎದುರು ಮನೆಯ ಮುದುಕ ಇಣುಕಿ ನೋಡಿದ. ನಾನು ಉತ್ತರಕ್ಕೆ ಉತ್ತರ ಕೊಟ್ಟೆ. ಚೆನ್ನಾಗಿ ಒಂದು ಗಳಿಗೆ ಜಗಳ ಆಡಿದೆವು. ಆ ದಿನ ನನಗೆ ಬಂದ ನಿದ್ದೆ ಆ ಮಳೆಗಾಲದಲ್ಲೇ ಬಂದಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಂದರಿನಲ್ಲಿ ಬೋಟಿಗೆ ಹೂವು ಹಾಕಿ ಪೂಜೆ ಮಾಡಿದರು. ಕೇರಿಯ ಹೆಂಗಸರೆಲ್ಲ ಸ್ವಲ್ಪ ದೂರದಲ್ಲಿ ಗುಂಪಾಗಿ ನಿಂತಿದ್ದೆವು. ತಾಂಡೇಲ ಮೊದಲು ಹತ್ತಬೇಕು ಎಂದು ಎಲ್ಲರೂ ಇವರಿಗೆ ದಾರಿ ಬಿಟ್ಟರು. ಇವರು ಹತ್ತಲಿಲ್ಲ. ತಿರುಗಿ ನಿಂತು, ಮಾಲಕರ ಎದುರು, ಬೋಟಿನ ಜನರೆಲ್ಲರ ಎದುರು ಹೇಳಿದರು. ಹಳೆಯ ಗಂಟಲಿನಲ್ಲೇ ಹೇಳಿದರು, ನಮಗೆಲ್ಲ ಕೇಳಿಸಿತು.

“ಈ ಸಲ ನಾನು ತಾಂಡೇಲ ಅಲ್ಲ. ನಂಗೆ ಜ್ವರ ಹೋದ ಮೇಲೆ ಮನಸ್ಸಿನ ಕಾಯಿಲೆ ಆಗದೆ. ಖಿನ್ನತೆ ಅಂತ್ರು ಅದಕ್ಕೆ. ಕುಮಟಾ ಡಾಕ್ಟ್ರ ಹತ್ರ ಮಾತ್ರೆ ತಕಂತಿದ್ದೆ. ಸುಮಾರು ಹುಷಾರಾತು, ಪೂರ್ತಿ ಆಗ್ಲಿಲ್ಲ. ಈ ಸಲ ತಾಂಡೇಲ ನಮ್ಮ ಡ್ರೈವರೇ ಆಗ್ಲಿ, ನಾನು ನಿಮ್ಮ ಜೊತೆ ಹಗ್ಗ ಎಳೂಕೆ ಬತ್ತೆ. ಬೇಡ ಅಂದ್ರೆ ಮನೆಗೆ ಹೋಗ್ತೆ.”

ಇದೇ ಗಳಿಗೆಗೆ ಅಲ್ಲವೇ ನಾನು ಇಷ್ಟು ದಿನ ಹೆದರಿದ್ದು. ಮಾಲಕರು ಡ್ರೈವರಿನ ಮುಖ ನೋಡಿ, ಆಗಲಿ ಎಂದು ತಲೆ ಆಡಿಸಿದರು. ಕಡೆಗೆ ನಾದಿನಿಯ ಗಂಡ ಬೋಟಿನ ಮೇಲಿನಿಂದಲೇ ಕೈ ಚಾಚಿ, “ಬೇಡ ಅಂಬುದು ಯಾರು? ಹತ್ತು ಭಾವ, ನೀರು ಇಳೀತದೆ, ಹೊತ್ತಾತು” ಎಂದ. ಇವರು ಅವನ ಕೈ ಹಿಡಿದು ಹತ್ತಿದರು. ಬೋಟು ಅಳಿವೆಯ ಕಡೆ ತಿರುಗಿತು. ಹಿಂದಿನ ತುದಿಯಲ್ಲಿ, ಹುಡುಗರ ಸಾಲಿನಲ್ಲಿ, ನನ್ನ ಗಂಡ ಬಲೆಯ ರಾಶಿಯ ಮೇಲೆ ಕೂತಿದ್ದರು. ಯಾರೋ ಏನೋ ಹೇಳಿದ್ದಕ್ಕೆ ನಕ್ಕರು. ತಾಂಡೇಲನ ಹೆಂಡತಿ ಎನ್ನುವುದು ಆ ದಿನ ನನ್ನ ಮೈಮೇಲಿಂದ ಹೋಯಿತು. ಹೋದದ್ದು ಗೊತ್ತೇ ಆಗಲಿಲ್ಲ, ಅಷ್ಟು ಹಗುರವಾಗಿದ್ದೆ.

ಹೆಂಗಸರು ಒಬ್ಬೊಬ್ಬರಾಗಿ ಮನೆ ಕಡೆ ಹೊರಟರು. ನಾದಿನಿ ಮಾತ್ರ ನನ್ನ ಪಕ್ಕದಿಂದ ಕದಲಲಿಲ್ಲ. ಎಲ್ಲರೂ ದೂರ ಹೋದ ಮೇಲೆ, ಬೋಟು ಹೋದ ಕಡೆಯೇ ನೋಡುತ್ತಾ ಕೇಳಿದಳು:

“ಅತ್ತಿಗೆ, ಆ ಡಾಕ್ಟ್ರು ಹೆಂಗಸ್ರನ್ನೂ ನೋಡ್ತ್ರಾ?”

“ಯಾರಿಗೆ?” ಎಂದೆ.

“ಅಣ್ಣನ ಬೆನ್ನಿಗೇ ನಂಗೂ ಬಂದಿತ್ತು ಆ ಜ್ವರ. ಜ್ವರದ ಮಾತ್ರೆ ನುಂಗಿ ಒಲೆ ಮುಂದೆ ಕೂತೆ. ಯಾರಿಗೂ ಹೇಳ್ಲಿಲ್ಲ. ಜ್ವರ ಹೋತು ಅತ್ತಿಗೆ. ಅಣ್ಣ ಈಗ ಹೇಳಿದ್ರಲ, ಅದು ಹೋಗ್ಲಿಲ್ಲ.”

ನಮ್ಮ ಮನೆಗೆ ದಿನಾ ರಸ ಹಿಂಡಿ ತಂದವಳು, ನಾವಿಬ್ಬರೂ ಕುಮಟಾಕ್ಕೆ ಹೋದಾಗಲೆಲ್ಲ ನನ್ನ ಪಾತ್ರೆ ತೊಳೆದಿಟ್ಟವಳು. ಅವಳ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದೆ.

“ನೋಡ್ತ್ರು, ನೋಡದೆ ಎಂತ ಮಾರಾಯ್ತಿ. ಅವ್ರೇ ಹೆಂಗಸು. ನಡಿ, ಈಗ್ಲೇ ಹೋಪ.”